ಕೌದಿಯ ಅಂಚಿನ ಅರವತ್ಮೂರು ಗುರುತು

ಆಯಿಯ ಮೇಲಿನ ಮುಂಬಲ್ಲೊಂದರಲ್ಲಿ ಸಣ್ಣದೊಂದು ಕಚ್ಚು ಇತ್ತು. ಕತ್ತರಿಯನ್ನು ಆಕೆ ಬಟ್ಟೆಗೆ ಮಾತ್ರ ಬಳಸುತ್ತಿದ್ದಳು, ದಾರವನ್ನು ಹಲ್ಲಿನಿಂದಲೇ ಹರಿಯುತ್ತಿದ್ದಳು. ಮೂವತ್ತು ವರ್ಷ ಒಂದೇ ಹಲ್ಲಿನ ಒಂದೇ ಜಾಗಕ್ಕೆ ದಾರ ಸಿಕ್ಕಿಸಿ ಹರಿದು ಹರಿದು, ಅಲ್ಲಿ ಸವೆದು, ಸೂಜಿಯ ಕಣ್ಣಿನಷ್ಟು ಸಂದು ಬಿದ್ದಿತ್ತು. ನಕ್ಕರೆ ಮೊದಲು ಅದೇ ಕಾಣುತ್ತಿತ್ತು. ಅವಸರದಲ್ಲಿ ಮಾತಾಡಿದರೆ ಆ ಸಂದಿನಿಂದ ಗಾಳಿ ಸಣ್ಣಗೆ ಸೀಟಿ ಹೊಡೆಯುತ್ತಿತ್ತು.

ಸವಣೂರಿನ ನಮ್ಮ ಓಣಿಯವರೆಲ್ಲ ಆಕೆಯನ್ನು ಕೌದಿ ಆಯಿ ಎನ್ನುತ್ತಿದ್ದರು. ಹಳೆಯ ಸೀರೆ, ಧೋತರಗಳನ್ನು ಮೂರು ನಾಲ್ಕು ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಅಂಚಿನಿಂದ ನಡುವಿನವರೆಗೆ ಸಾಲು ಸಾಲಾಗಿ ಹೊಲಿಯುತ್ತ ಹೋಗುವುದು ಆಕೆಯ ಕಸಬು. ನಡುವಿನ ಕೊನೆಯ ತುಂಡನ್ನು ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ, ಒಂದು ಹರಳು ಬೆಲ್ಲ ಇಡುತ್ತಿದ್ದಳು. "ಹೊದ್ಕೊಳ್ಳೋರ ಹೊಟ್ಟಿ ತುಂಬಿರಬೇಕಂದ್ರ ಮದ್ಲ ಕೌದಿ ಹೊಟ್ಟಿ ತುಂಬಬೇಕ್ರಿ." ಇರುವೆ ಬರುತ್ತವೆಂದು ನಮ್ಮವ್ವ ಗೊಣಗಿದರೆ, "ಅವಕ್ಕೂ ಹೊಟ್ಟಿ ಐತೆಲ್ರಿ ಬಾಯಾರ," ಎಂದು ಹೊಲಿಗೆ ಮುಂದುವರಿಸುತ್ತಿದ್ದಳು.

ನನ್ನ ದಿನಚರಿಯ ಪ್ರಕಾರ ಆಕೆ ನಮ್ಮ ಮನೆಗೆ ಕೆಲಸಕ್ಕೆ ಬಂದದ್ದು ೧೯೫೭ರ ಜೂನ್ ೧೮ರಂದು. ಆ ವರ್ಷ ನಾನು ಮೆಟ್ರಿಕ್ ಪಾಸಾಗಿದ್ದೆ. ಅಪ್ಪ ಸಂಸ್ಕೃತ ಪಂಡಿತರು. "ಕಲ್ತದ್ದು ಸಾಕು. ಧಾರವಾಡದಾಗ ಯಾರ ಮನ್ಯಾಗ ಇರ್ತೀ?" ಎಂದು ಒಂದೇ ಪ್ರಶ್ನೆ ಕೇಳಿದರು. ಶಾಲೆಯ ನೋಟುಬುಕ್ಕುಗಳಲ್ಲಿ ಖಾಲಿ ಉಳಿದ ಹಾಳೆಗಳನ್ನು ಕೂಡಿಸಿ ಹೊಲಿದು ದಿನಚರಿ ಬರೆಯತೊಡಗಿದೆ. ಬರೆಯುವಂಥದ್ದು ಏನೂ ನಡೆಯುತ್ತಿರಲಿಲ್ಲವಾದ್ದರಿಂದ ಎಣಿಸಿದ್ದನ್ನೇ ಬರೆದೆ. ಜೂನ್‌ನಿಂದ ಡಿಸೆಂಬರ್‌ವರೆಗೆ ನಾನು ತಲಬಾಗಿಲ ಹೊಸ್ತಿಲು ದಾಟಿದ್ದು ಮೂವತ್ತೊಂಬತ್ತು ಸಲ. ಇಪ್ಪತ್ತೆಂಟು ಸಲ ಮಠಕ್ಕೆ, ಆರು ಸಲ ಬಾಣಂತಿಯರನ್ನು ನೋಡಲು, ಐದು ಸಲ ನನ್ನನ್ನು ನೋಡಲು ಬಂದವರನ್ನು ಕಟ್ಟೆಯವರೆಗೆ ಕಳಿಸಲು.

ಆಯಿ ನಮ್ಮ ಹಿತ್ತಲ ಪಡಸಾಲೆಯಲ್ಲಿ ಕೂತು ಹೊಲಿಯುತ್ತಿದ್ದಳು. ಮಡಿಯ ಮನೆ, ಒಳಗೆ ಬರುವಂತಿರಲಿಲ್ಲ. ಬಟ್ಟೆ ಎತ್ತಿ ಕೊಡುವ ಕೆಲಸ ನನ್ನದು. ಮಧ್ಯಾಹ್ನವಿಡೀ ಎದುರಿಗೆ ಕೂತವಳು ಆಕೆಯ ಹೊಲಿಗೆಗಳನ್ನೇ ಎಣಿಸತೊಡಗಿದೆ. ಗೇಣಿಗೆ ಇಪ್ಪತ್ತೆರಡು. ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ನಮ್ಮ ಕೌದಿಯ ನಡುನಡುವೆ ಆಕೆ ತನ್ನದೇ ಇನ್ನೊಂದು ಕೌದಿ ತೆಗೆದು ಅಂಚು ಹೊಲಿಯುತ್ತಿದ್ದಳು. ಅದರಲ್ಲಿ ಲೆಕ್ಕ ತಪ್ಪುತ್ತಿತ್ತು. ಆರೇಳು ಸಾದಾ ಹೊಲಿಗೆಯ ನಂತರ ಒಂದು ವಿಚಿತ್ರ ಗುಂಪು ಬರುತ್ತಿತ್ತು: ಎರಡು ಅಡ್ಡ, ಒಂದು ಓರೆ, ಅಥವಾ ಮೂರು ಹೊಲಿಗೆ ಕೂಡಿ ಲಾಳದ ಹಾಗೆ. ಮೊದಲು ಕೈ ತಪ್ಪಿದೆ ಅಂದುಕೊಂಡೆ. ಆಮೇಲೆ ಅದೇ ತಪ್ಪು ಮತ್ತೆ ಮತ್ತೆ ಬರುವುದನ್ನು ಕಂಡು, ಒಳಗೆ ಹೋದಾಗೊಮ್ಮೆ ನೆನಪಿನಿಂದ ಬರೆದಿಟ್ಟುಕೊಂಡೆ. ಎಂಟು ದಿನಕ್ಕೆ ನಲವತ್ತು ಬೇರೆ ಬೇರೆ ಗುಂಪುಗಳಾದವು. ಒಂಬತ್ತನೆಯ ದಿನ ತಡೆಯಲಾರದೆ ಕೇಳಿಯೇ ಬಿಟ್ಟೆ.

"ಆಯಿ, ಈ ಮೂರು ಹೊಲಿಗಿ ಕುದುರಿ ಲಾಳದಂಗ ಕೂಡ್ಯಾವಲ್ಲ, ಹದಿನೇಳು ಸಲ ಬಂದಾವ. ಯಾಕ?"

ಆಯಿಯ ಸೂಜಿ ಬಟ್ಟೆಯಲ್ಲೇ ನಿಂತಿತು.

"ಎಣಿಸೀರೇನು?"

"ಹೂಂ."

"ಯಾರ ಮುಂದರ ಹೇಳೀರೇನು?"

"ಇಲ್ಲ."

ಆಕೆ ನನ್ನ ಮುಖ ನೋಡಿದಳು. ಆಮೇಲೆ ಹಲ್ಲಿನ ಸಂದು ಕಂಡಿತು. "ನಿಮ್ಮಪ್ಪಾರಿಗೆ ಸಾವಿರ ಶ್ಲೋಕ ಬಾಯಾಗ ಅದಾವಂತ. ಇಂಥಾ ಅಂಚಿನ ಮ್ಯಾಲ ಎಷ್ಟು ಮಂದಿ ಶಾಣ್ಯಾರು ಕುಂತು ಎದ್ದು ಹೋಗ್ಯಾರ, ಒಬ್ಬರಿಗೂ ಕಂಡಿಲ್ಲ. ನೀವು ಹೆಂಗ ಹಿಡದ್ರಿ ಸಣ್ಣ ಬಾಯಾರ?"

"ನನಗ ಬ್ಯಾರೆ ಕೆಲಸ ಇಲ್ಲಲ್ಲ."

ಅಂದಿನಿಂದ ಆಕೆ ಹೇಳಿದ್ದನ್ನು ಕೂಡಿಸಿ ಬರೆಯುತ್ತೇನೆ.

ಆಯಿ ಹುಟ್ಟಿದ್ದು ಪಾಗಾ ಓಣಿಯಲ್ಲಿ. ಸಂಸ್ಥಾನದ ಕಾಲದಲ್ಲಿ ಅಲ್ಲಿ ಕುದುರೆ ಲಾಯಗಳಿದ್ದವು. ಕುದುರೆ ತಿಕ್ಕುವವರು, ಲಾಳ ಬಡಿಯುವವರು, ಹುಲ್ಲು ತರುವವರು, ಜೀನು ಹೊಲಿಯುವವರು ನಾಲ್ಕೂ ದಿಕ್ಕಿನಿಂದ ಬಂದಿದ್ದರು. ಒಬ್ಬರದು ಕನ್ನಡ, ಒಬ್ಬರದು ಉರ್ದು, ಒಬ್ಬರದು ಮರಾಠಿ, ಒಬ್ಬರದು ತೆಲುಗು. ಕೆಲಸ ನಡೆಯಬೇಕಲ್ಲ; ಸಿಕ್ಕಸಿಕ್ಕ ಮಾತು ಕೂಡಿಸಿ ಆಡಿದರು. ಅವರ ಮಕ್ಕಳಿಗೆ ಆ ಕೂಡಿಸಿದ ಮಾತೇ ತಾಯಿಯ ಮಾತಾಯಿತು. ಅದರಲ್ಲೇ ಜಗಳ, ಅದರಲ್ಲೇ ಜೋಗುಳ. ಊರವರು ಅದನ್ನು ಪಾಗಾ ಮಾತು ಎಂದರು. ಉಂಡೆಯಾ ಎನ್ನಲು "ಉಣ್ಣಾ ಹುಯಾ ಕ್ಯಾ", ಬರಬೇಡ ಎನ್ನಲು "ಬರನಾ ನಕ್ಕೋ", ನಾನು ಇಲ್ಲೇ ಇದ್ದೇನೆ ಎನ್ನಲು "ಮೈ ಇಲ್ಲಿಚ್ ಹೂಂ". ಕುದುರೆಗಳು ಹೋದವು, ಲಾಯಗಳ ಮಾಡು ಬಿದ್ದವು, ಮಂದಿ ಚದುರಿದರು. ನಾನು ಲೆಕ್ಕ ಹಾಕಿದ ಹೊತ್ತಿಗೆ ಪಾಗಾ ಮಾತಿನ ಮನೆಗಳು ಏಳು, ಆಡುವವರು ಇಪ್ಪತ್ತಾರು.

"ಅದು ಭಾಷಾ ಅಲ್ಲ, ಚಿತ್ರಾನ್ನ," ಎಂದಿದ್ದರು ಅಪ್ಪ ಒಮ್ಮೆ, ಆಕೆಗೆ ಕೇಳುವಂತೆಯೇ.

"ಚಿತ್ರಾನ್ನಾನೂ ಹೊಟ್ಟಿ ತುಂಬಸ್ತೈತ್ರಿ ಅಪ್ಪಾರ," ಎಂದಿದ್ದಳು ಆಯಿ, ತಲೆ ಎತ್ತದೆ.

ಆಯಿಯ ಮಗಳ ಮದುವೆಯಾದ ಮೇಲೆ ಒಂದು ವರ್ಷ ಊರಲ್ಲಿ ದೊಡ್ಡ ಹೆಂಗಸರಿಗೆ ಮಧ್ಯಾಹ್ನದ ಹೊತ್ತು ಅಕ್ಷರ ಕಲಿಸುವ ವರ್ಗ ನಡೆದಿತ್ತು. ಆಯಿ ಹನ್ನೊಂದು ದಿನ ಹೋದಳು. ಕಲಿಸುವವರು ಒಂದು ದಿನ, ನಿಮ್ಮ ಮನೆಯ ಒಂದು ಮಾತು ಹೇಳಿರಿ, ಹಲಗೆಯ ಮೇಲೆ ಬರೆಯುತ್ತೇನೆ ಎಂದರಂತೆ. ಆಯಿ "ಇಲ್ಲಿಚ್" ಎಂದಳು. ಎಲ್ಲರೂ ನಕ್ಕರು. ಇಂಥ ಶಬ್ದವೇ ಇಲ್ಲ, ಶುದ್ಧವಾದದ್ದು ಹೇಳು ಎಂದರು ಅವರು. ಹನ್ನೆರಡನೆಯ ದಿನ ಆಕೆ ಹೋಗಲಿಲ್ಲ. "ಅವರ ಅಕ್ಷರ ಅವರ ಮನಿ ಇದ್ದಂಗ್ರಿ. ನನ್ನ ಮಾತನ್ನ ಹಿತ್ತಲದಾಗ ಕುಂದ್ರಸಿದ್ರು," ಎಂದಳು ನನಗೆ, ನಮ್ಮ ಹಿತ್ತಲಲ್ಲೇ ಕೂತು. ಆ ಮಾತಿನಲ್ಲಿ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ, ಆದರೂ ನಾನು ನೆಲ ನೋಡಿದೆ.

ಆ ಹನ್ನೊಂದು ದಿನಗಳಲ್ಲಿ ಆಕೆ ಒಂದನ್ನು ಮಾತ್ರ ತಿಳಿದುಕೊಂಡಿದ್ದಳು: ಬಾಯಿಂದ ಹೋದದ್ದನ್ನು ಒಂದು ಗುರುತು ಹಿಡಿದಿಡಬಲ್ಲದು. ಅಷ್ಟು ಸಾಕಾಯಿತು. ಉಳಿದದ್ದನ್ನು ತಾನೇ ಮಾಡಿದಳು. "ಬಾಯಿ ಒಮ್ಮೆ ತೆಗದ್ರ ಒಂದು ಗುರ್ತು," ಇಷ್ಟೇ ಆಕೆಯ ವ್ಯಾಕರಣ. ಘೋಡಾ ಅಂದರೆ ಕುದುರೆ; ಅದರ ಲಾಳ "ಘೋ" ಆಯಿತು. ಪಾನಿಯ ಎರಡು ಅಲೆ "ಪಾ". ಗುಬ್ಬಿಗೆ ಅವರು ಚಿಮಣಿ ಎನ್ನುತ್ತಿದ್ದರು. ಅದರ ಕೊಕ್ಕು "ಚಿ". ರೊಟ್ಟಿಯ ದುಂಡು "ರೊ". ಸೂಜಿಯ ಓರೆ "ಸು". ಒತ್ತಕ್ಷರವಿಲ್ಲ, ದೀರ್ಘವಿಲ್ಲ, ಅರ್ಧ ಉಲಿಗೆ ಹತ್ತಿರದ ಯಾವುದಾದರೂ ಪೂರ್ತಿ ಗುರುತು. ಹೀಗೆ ಎರಡು ವರ್ಷದಲ್ಲಿ ಅರವತ್ಮೂರು. ನಾನು ಮೆಟ್ರಿಕ್ಕಿನ ಜಂಬದಲ್ಲಿ, ಇಂತಿಂಥ ಕೊರತೆಗಳಿವೆ ಎಂದು ಪಟ್ಟಿ ಮಾಡಿ ಓದಿ ಹೇಳಿದೆ. ಆಕೆ ಕೇಳಿಸಿಕೊಂಡು, "ಓದಾಕಿಗೆ ಗೊತ್ತೈತ್ರಿ," ಎಂದಳು.

ಓದುವವಳು ಒಬ್ಬಳೇ ಇದ್ದಳು, ಆಕೆಯ ಮಗಳು.

ಮಗಳನ್ನು ೧೯೫೪ರಲ್ಲಿ ಹಿರೇಕೆರೂರಿನ ಕಡೆ, ಅಬಲೂರಿನ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದಳು. ಅವರೂ ಒಂದು ಕಾಲಕ್ಕೆ ಪಾಗಾದವರೇ. ಎರಡು ತಲೆಮಾರಿನ ಹಿಂದೆ ಹೊಲ ಹಿಡಿದು, ಊರಲ್ಲಿ ನಾಲ್ಕು ಮಂದಿಯ ನಡುವೆ ಕೂಡ್ರುವಂತಾದವರು. ಕುದುರೆ ಲದ್ದಿ ಎತ್ತಿದವರ ಮನೆತನವೆಂದು ಊರಿಗೆ ತಿಳಿಯಬಾರದೆಂದು ಅತ್ತೆಗೆ ಜೀವಭಯ. ಹೆಣ್ಣು ಮಾತ್ರ ತಮ್ಮವರಲ್ಲೇ ತರಬೇಕಿತ್ತು. ತಂದ ಹೆಣ್ಣು ಬಾಯಿ ತೆರೆದರೆ ಗುಟ್ಟು ಹೊರಗೆ ಬೀಳುತ್ತಿತ್ತು. ಆದ್ದರಿಂದ ಸೊಸೆ ಆ ಮನೆಯಲ್ಲಿ ಪಾಗಾ ಮಾತಾಡುವಂತಿರಲಿಲ್ಲ, ನೆರೆಮನೆಗೆ ಹೋಗುವಂತಿರಲಿಲ್ಲ. ತವರಿಗೆ ಹೋದರೆ ಮತ್ತೆ ಆ ಮಾತು ಹತ್ತಿಸಿಕೊಂಡು ಬರುತ್ತಾಳೆಂದು ಪಂಚಮಿಗೂ ಕಳಿಸುತ್ತಿರಲಿಲ್ಲ. ಕಾಗದ ಬಂದರೆ ಮೈದುನ ಎಲ್ಲರೆದುರು ಗಟ್ಟಿಯಾಗಿ ಓದುತ್ತಿದ್ದ, ಉತ್ತರವನ್ನೂ ಅವನೇ ಬರೆಯುತ್ತಿದ್ದ. ಆಯಿಯ ಡಬ್ಬಿಯಲ್ಲಿ ಅಂಥ ಐದು ಕಾಗದಗಳಿದ್ದವು. ಓದಿ ಹೇಳು ಎಂದು ನನಗೆ ಕೊಟ್ಟಳು. ಐದರಲ್ಲೂ ಒಂದೇ ಸಾಲು: ನಾನು ಸುಖದಿಂದ ಇದ್ದೇನೆ.

ಕೌದಿಯನ್ನು ಮಾತ್ರ ಆ ಮನೆಯಲ್ಲಿ ಯಾರೂ ತಡೆಯುತ್ತಿರಲಿಲ್ಲ. ಚಳಿಗೆ ಬೇಕು, ಬೀಗ್ತಿ ಸುಮ್ಮನೆ ಹೊಲಿದು ಕಳಿಸುತ್ತಾಳೆ, ಹರಿದದ್ದನ್ನು ರಿಪೇರಿ ಮಾಡಿ ಕೊಡುತ್ತಾಳೆ. ನಮ್ಮೂರ ವೀಳ್ಯದೆಲೆಯ ವ್ಯಾಪಾರಿಯೊಬ್ಬ ಅಕ್ಕಿಆಲೂರ ಸಂತೆಗೆ ಎಲೆ ಒಯ್ಯುತ್ತಿದ್ದ. ಅವನ ಪೆಂಡಿಗಳ ಮೇಲೆ ಕೌದಿಯೂ ಹೋಗಿ, ಸಂತೆಗೆ ಬಂದ ಬೀಗರ ಕೈ ಸೇರುತ್ತಿತ್ತು. ಮಗಳಿಗೆ ಆಯಿ ಆ ಗುರುತುಗಳನ್ನು ಕಲಿಸಿದ್ದು ಮದುವೆಯ ಮರುವರ್ಷ, ಒಂದೇ ಒಂದು ಸಲ ತವರಿಗೆ ಕಳಿಸಿದ್ದಾಗ. ಆಗ ಅರವತ್ಮೂರೂ ಆಗಿರಲಿಲ್ಲ. ಉಳಿದವನ್ನು ಒಂದೊಂದು ಕೌದಿಯಲ್ಲಿ ಎರಡೆರಡರಂತೆ, ಅರ್ಥವಾಗುವ ಮಾತಿನ ನಡುವೆ ಸೇರಿಸಿ ಕಲಿಸಿದಳು.

ನನ್ನ ಲೆಕ್ಕದಲ್ಲಿ ೧೯೫೭ರ ಜೂನ್‌ನಿಂದ ೧೯೬೦ರ ಅಕ್ಟೋಬರ್‌ವರೆಗೆ ಒಂಬತ್ತು ಕೌದಿ ಹೋದವು, ಏಳು ಬಂದವು. ಬಂದದ್ದನ್ನು ಆಯಿ ಕಣ್ಣು ಮುಚ್ಚಿ ಬೆರಳಿನಿಂದ ಓದುತ್ತಿದ್ದಳು. ಸಾದಾ ಹೊಲಿಗೆಗಳ ಮೇಲೆ ಬೆರಳು ಓಡುತ್ತಿತ್ತು, ಗುರುತು ಬಂದಲ್ಲಿ ನಿಲ್ಲುತ್ತಿತ್ತು. ತುಟಿ ಅಲುಗುತ್ತಿತ್ತು. ಅಂಚು ಸಣ್ಣದು, ಹೆಚ್ಚು ಹೇಳಲಾಗದು. ಒಂದರಲ್ಲಿ "ಹೊಲ, ಮನಿ, ನಡುವ ಗ್ವಾಡಿ" ಎಂದಷ್ಟೇ ಇತ್ತು. ಒಂದರಲ್ಲಿ ಕೂಸು ಹೋಯಿತು ಎಂದಿತ್ತು. ವರ್ಷದ ಮೇಲೆ ಮತ್ತೊಂದರಲ್ಲಿ, ಎರಡನೆಯದೂ ಹೋಯಿತು, ಇವರ ಮಾತಿನಲ್ಲಿ ನನಗೆ ಅಳು ಬರುವುದಿಲ್ಲ, ಎಂದಿತ್ತು. ಅದನ್ನು ಓದಿದ ದಿನ ಆಯಿ ನಮ್ಮ ಮನೆಯಲ್ಲಿ ಕೆಲಸ ಮಾಡಲಿಲ್ಲ. ಸೂಜಿಗೆ ದಾರ ಪೋಣಿಸುವುದು, ತೆಗೆಯುವುದು, ಮತ್ತೆ ಪೋಣಿಸುವುದು, ಇಷ್ಟನ್ನೇ ಮಾಡುತ್ತ ಕೂತಿದ್ದಳು.

ಆ ಹುಡುಗಿಯ ಗೋಡೆಗಳ ಬಗ್ಗೆ ಕೇಳುತ್ತ ಕೇಳುತ್ತ ನಾನೊಂದು ದಿನ, "ನಂದೂ ಅದ ಹಣೇಬಾರ," ಎಂದೆ. ಆಯಿ ನನ್ನನ್ನು ಸಮಾಧಾನ ಮಾಡುತ್ತಾಳೆಂದುಕೊಂಡಿದ್ದೆ. ಆಕೆ ದಾರ ಹರಿದು ಹೇಳಿದಳು: "ನಿಮಗ ಯಾರು ಕೀಲಿ ಹಾಕ್ಯಾರ್ರಿ? ನಿಮ್ಮಪ್ಪಾರು ಬಾಗಲಾ ಮುಂದ ಮಾಡ್ಯಾರ, ಅಷ್ಟ. ನೂಕಿ ನೋಡೀರೇನು?"

ನನಗೆ ಸಿಟ್ಟು ಬಂತು. ನಾಲ್ಕು ದಿನ ಮಾತಾಡಲಿಲ್ಲವೆಂದು ದಿನಚರಿಯಲ್ಲಿದೆ.

೧೯೬೦ರ ಅಕ್ಟೋಬರ್‌ನಲ್ಲಿ ಏಳನೆಯ ಕೌದಿ ಬಂತು. ಮತ್ತೆ ಬಸುರಿ, ನಾಲ್ಕು ತಿಂಗಳು, ಇಲ್ಲಿ ಹಡೆಯುವುದಿಲ್ಲ, ಕರೆದುಕೊಂಡು ಹೋಗು, ಎಂದಿತ್ತು. ಹೆರಿಗೆಗೆ ತವರಿಗೆ ಕಳಿಸಿರಿ ಎಂದು ಆಯಿ ಎಲೆ ವ್ಯಾಪಾರಿಯ ಕೈಯಲ್ಲಿ ಮರ್ಯಾದೆಯಿಂದ ಎರಡು ಸಲ ಹೇಳಿ ಕಳಿಸಿದಳು. ಇಲ್ಲೇ ಸೂಲಗಿತ್ತಿ ಇದ್ದಾಳೆ ಎಂದು ಎರಡು ಸಲವೂ ಉತ್ತರ ಬಂತು. ಹಿಂದಿನ ಎರಡೂ ಸಲ ಇದ್ದವಳು ಅದೇ ಸೂಲಗಿತ್ತಿ.

ಉಳಿದದ್ದು ಒಂದೇ ದಾರಿ. ಅತ್ತೆ ಸೊಸೆ ಮೆಣಸಿನಕಾಯಿ ತೆಗೆದುಕೊಂಡು ಅಕ್ಕಿಆಲೂರ ಸಂತೆಗೆ ಬರುತ್ತಿದ್ದರು. ಸಂತೆಯ ಗದ್ದಲದಲ್ಲಿ ಮಗಳು ಹೇಗಾದರೂ ಅಕ್ಕಿ ಗಿರಣಿಯ ಹಿಂದಿನ ಗೋಡೆಗೆ ಬಂದರೆ, ಮೂರು ಗಂಟೆಯ ಹಾನಗಲ್ಲ ಬಸ್ಸು ಅಲ್ಲಿಯೇ ನಿಲ್ಲುತ್ತಿತ್ತು. ಒಮ್ಮೆ ಮನೆಗೆ ಬಂದರೆ ಹೆರಿಗೆಯಾಗುವವರೆಗೆ ಕಳಿಸುವುದಿಲ್ಲ, ಆಮೇಲೆ ಹಿರಿಯರನ್ನು ಕೂಡಿಸಿದರಾಯಿತು ಎಂದು ಆಯಿ ನಿಶ್ಚಯಿಸಿದಳು. ಹೊಲಿಯಬೇಕಾದದ್ದು ಇಷ್ಟು: ಹುಣ್ಣಿಮೆಯ ಮುಂದಿನ ಸಂತೆ, ಗಿರಣಿಯ ಹಿಂದೆ, ಮೈ ಇಲ್ಲಿಚ್ ಹೂಂ.

ಅದೇ ವಾರ ಆಯಿ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ನಾಟಿ ವೈದ್ಯರು ಬಿದಿರ ಪಟ್ಟಿ ಇಟ್ಟು ಕಟ್ಟಿದರು. ಎಲೆ ವ್ಯಾಪಾರಿ ಹೊರಡಲು ನಾಲ್ಕು ದಿನವಿತ್ತು. ಆ ಗುರುತುಗಳನ್ನು ಬಲ್ಲ ಇನ್ನೊಂದು ಕೈ ಸವಣೂರಿನಲ್ಲಿ ನನ್ನದೊಂದೇ.

ಹೊಲಿಗೆಯೇನೋ ನನಗೆ ಬರುತ್ತಿತ್ತು. ಆದರೆ ನಾನು ಆಯಿಯ ಹಾಗೆ ನೇರವಾಗಿ ಸೂಜಿ ಹಿಡಿಯಲಿಲ್ಲ. ಮೊದಲು ಕಾಗದದ ಮೇಲೆ ಬರೆದುಕೊಂಡೆ. ಬಟ್ಟೆಯ ಮೇಲೆ ಅಡಿಪಟ್ಟಿ ಇಟ್ಟು ಸೀಮೆಸುಣ್ಣದಿಂದ ಎರಡು ಗೆರೆ ಎಳೆದೆ. ಎಲ್ಲ ಗುರುತುಗಳೂ ಒಂದೇ ಎತ್ತರ, ಎರಡರ ನಡುವೆ ಒಂದೇ ಅಂತರ. ಎರಡೂವರೆ ದಿನ ಹಿಡಿಯಿತು. ಅವ್ವ ಬಂದು ನೋಡಿ, "ಅಂತೂ ಕೈಗೊಂದು ಕೆಲಸಾ ಹತ್ತಿತು," ಎಂದು ಸಂತೋಷಪಟ್ಟಳು. ನನಗೆ ಅದಕ್ಕಿಂತ ಹೆಚ್ಚಿನ ಸಂತೋಷವಾಗಿತ್ತು. ಆಯಿಯ ಅಕ್ಷರ ಇಷ್ಟು ಅಚ್ಚುಕಟ್ಟಾಗಿ, ಪುಸ್ತಕದ ಸಾಲಿನಂತೆ, ಇದುವರೆಗೆ ಯಾವ ಬಟ್ಟೆಯ ಮೇಲೂ ಕೂತಿರಲಿಲ್ಲ.

ಆಯಿ ಎಡಗೈ ಬೆರಳಿನಿಂದ ಅಂಚನ್ನು ಮುಟ್ಟಿ ನೋಡಿದಳು.

"ಭಾಳ ಚೆಂದ ಆಗೇತ್ರಿ," ಎಂದಳು. ಮತ್ತೊಮ್ಮೆ ಮುಟ್ಟಿದಳು. "ಇಷ್ಟು ಚೆಂದ ಆಗಬಾರ್ದಿತ್ತು. ಬಿಚ್ಚಿ ಒಂದೀಟು ಕೆಡಸ್ರಿ. ನಡುನಡುಕ ಸುಳ್ಳ ಹೊಲಿಗಿ ಹಾಕ್ರಿ, ಸಾಲು ಸೊಟ್ಟ ಮಾಡ್ರಿ. ನನ್ನ ಬೀಗ್ತೀನೂ ಸೂಜಿ ಹಿಡದಾಕಿ."

ಆಗಲಿ ಎಂದೆ. ಮರುದಿನ ಬೆಳಿಗ್ಗೆ ಕತ್ತರಿಯ ತುದಿಯನ್ನು ಮೊದಲ ಗುರುತಿನ ಕೆಳಗೆ ತೂರಿಸಿದೆ. ಹರಿಯಲು ಮನಸ್ಸು ಬರಲಿಲ್ಲ. ಆ ಮಗಳು ಇದನ್ನು ನೋಡಲಿ, ತನ್ನವ್ವ ಮಾಡಿದ್ದು ಎಂಥ ಚೆಂದದ ಅಕ್ಷರ ಎಂದು ನೋಡಲಿ, ಅನ್ನಿಸಿತು. ಒಂದು ಮೂಲೆಯಲ್ಲಿ ಹತ್ತು ಹನ್ನೆರಡು ಅಡ್ಡಾದಿಡ್ಡಿ ಹೊಲಿಗೆ ಹಾಕಿ, ಮಡಚಿ, ನಾನೇ ವ್ಯಾಪಾರಿಯ ಕೈಗೆ ಕೊಟ್ಟೆ.

"ಬಿಚ್ಚಿದ್ರೇನು?" ಎಂದಳು ಆಯಿ.

"ಹೂಂ, ಬಿಚ್ಚಿ ಹೊಲದೆ."

ದಿನಚರಿಯಲ್ಲೂ ಹಾಗೆಯೇ ಬರೆದೆ. ಅದರಲ್ಲಿ ನಾನು ಸುಳ್ಳು ಬರೆದ ದಿನ ಅದೊಂದೇ.

ಸಂತೆಯ ದಿನ ಅಕ್ಕಿಆಲೂರಿನಲ್ಲಿದ್ದ ಅವ್ವನ ತಂಗಿ, ನಮ್ಮ ಮೌಶಿಯ ಮನೆಗೆ ಹೋಗಿ ಬರುತ್ತೇನೆ ಎಂದು ಅಪ್ಪನಿಗೆ ಹೇಳಿದೆ. "ಯಾರ ಜೋಡಿ?" "ಕೌದಿ ಆಯಿ ಜೋಡಿ." ಅಪ್ಪ ಪುಸ್ತಕದಿಂದ ತಲೆ ಎತ್ತಿ, "ಸಂಜಿಮುಂದ ಬರ್ರಿ," ಎಂದರು. ಅಷ್ಟೇ. ಇಷ್ಟು ಸುಲಭವಿದ್ದೀತೆಂದು ನಾನು ಎಣಿಸಿರಲಿಲ್ಲ.

ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಹತ್ತು ಗಂಟೆಗೆ ಮುಟ್ಟಿದೆವು. ಗಿರಣಿಯ ಗೋಡೆಯಿಂದ ಎಲೆ ವ್ಯಾಪಾರಿಯ ಜಾಗ ಇಪ್ಪತ್ತು ಹೆಜ್ಜೆ. ಅವನು ಗೋಣಿತಟ್ಟಿನ ಮೇಲೆ ಎಲೆ ಹರವಿ ನೀರು ಚಿಮುಕಿಸುತ್ತಿದ್ದ. ಆಯಿಯ ಮುಖ ನೋಡಿ, "ಆಯಿ, ಒಂದೆರಡು ಎಲಿ ಹಾಕ್ಕೋ. ಬಾಯಿ ಕೆಂಪಾದ್ರ ಹೆದರಿಕಿ ಕಾಣಂಗಿಲ್ಲ," ಎಂದ.

"ಹಲ್ಲಿನ ಸಂದ್ಯಾಗ ಸುಣ್ಣ ಸಿಗತೈತೋ ಮಾರಾಯ," ಎಂದಳು ಆಯಿ. ನಗಲಿಲ್ಲ.

ಮಗಳಿಗೆಂದು ತಂದ ರೊಟ್ಟಿಯ ಗಂಟು ಅವಳ ತೊಡೆಯ ಮೇಲಿತ್ತು. ಹನ್ನೊಂದೂ ಇಪ್ಪತ್ತಕ್ಕೆ ಒಂದು ಬಸ್ಸು ಹೋಯಿತು, ಒಂದು ಗಂಟೆಗೆ ಇನ್ನೊಂದು. ಎರಡೂವರೆಯ ಸುಮಾರಿಗೆ ಮಂದಿಯ ನಡುವಿನಿಂದ ಎತ್ತರದ ಒಬ್ಬ ಹೆಂಗಸು ನೇರವಾಗಿ ವ್ಯಾಪಾರಿಯ ಹತ್ತಿರ ಬಂದಳು. ಒಬ್ಬಳೇ. ಕಂಕುಳಲ್ಲಿ ನಮ್ಮ ಕೌದಿ. ತಂದುಕೊಟ್ಟವನಿಗೇ ತಿರುಗಿ ಕೊಡಲು ಬಂದಿದ್ದವಳು, ಪಕ್ಕದಲ್ಲಿ ಕೂತ ಆಯಿಯನ್ನು ಕಂಡು ನಿಂತಳು. ಗಿರಣಿಯ ಗೋಡೆ ನೋಡಿದಳು, ಬಸ್ಸು ನಿಲ್ಲುವ ಜಾಗ ನೋಡಿದಳು. ಎಲ್ಲವೂ ಆಕೆಗೆ ತಿಳಿಯಿತು.

ಕೌದಿಯನ್ನು ಎಲೆಗಳ ಮೇಲೆಯೇ ಬಿಚ್ಚಿ ಹಾಸಿದಳು.

"ಇದೇನ್ರಿ ಬೀಗ್ತಿ? ಕೌದಿಯೋ, ಕಾಗದಾನೋ?"

"ಕೌದಿರೀ," ಎಂದಳು ಆಯಿ.

"ನಾನೂ ಕೌದಿ ಹೊಲ್ದಾಕೀನ ಅದೇನಿ. ಹೊಲಿಯೂ ಕೈ ಹಿಂಗ ಗೆರಿ ಹಿಡದು ನಡಿಯಂಗಿಲ್ಲ. ಬರಿಯೂ ಕೈ ನಡಿತೈತಿ. ನಿಮ್ಮ ಮಗಳನ್ನ ಕೇಳಿದೆ, ಬಾಯಿ ಬಿಡಲಿಲ್ಲ. ಯಾರು ಹೊಲ್ದಾರ ಇದನ್ನ?"

ಆಯಿ ಎಡಗೈ ಚಾಚಿ ಅಂಚನ್ನು ಮುಟ್ಟಿದಳು. ಬೆರಳು ಮೊದಲ ಗುರುತಿನಿಂದ ಎರಡನೆಯದಕ್ಕೆ, ಮೂರನೆಯದಕ್ಕೆ, ಎಲ್ಲೂ ಎಡವದೆ ಸಮನಾಗಿ ಹೋಯಿತು. ನಾನು ಬಿಚ್ಚಿರಲಿಲ್ಲವೆಂದು ಆಕೆಗೆ ಗೊತ್ತಾದದ್ದು ಆಗ. ನನ್ನ ಕಡೆ ತಿರುಗಿ ನೋಡಲಿಲ್ಲ.

"ನಾನ ಹೊಲ್ದೇನಿ."

"ಈ ಕೈಲೆ?"

"ಮುರಿಯೂ ಮದ್ಲ."

ಬೀಗ್ತಿ ಕಟ್ಟು ಹಾಕಿದ ಕೈ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನ್ನ ಬೆರಳಿನಲ್ಲಿ ಶಾಯಿಯ ಕಲೆ ಇತ್ತು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಹೊಲಿದವಳು ನಾನೆಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

"ನಾವು ಈ ಊರಾಗ ತಲಿ ಎತ್ತಾಕ ಅರವತ್ತು ವರ್ಷ ಹಿಡದೈತ್ರಿ," ಎಂದಳು ಬೀಗ್ತಿ. ಈಗ ಆಕೆಯ ದನಿ ಇಳಿದಿತ್ತು, ವ್ಯಾಪಾರಿಗೂ ಕೇಳಬಾರದೆಂಬಂತಿತ್ತು. "ಅದನ್ನ ನಿಮ್ಮ ಬಾಯಿ ಕೆಡಸ್ತಿತ್ತು. ಈಗ ಕೈನೂ ಕೆಡಸಾಕತ್ತೈತಿ. ಇನ್ನಮ್ಯಾಲ ಆಕಿ ಕೈಯಾಗ ಸೂಜಿ ಕೊಡಂಗಿಲ್ಲ. ಸಂತಿಗೂ ಕರ್ಕೊಂಡು ಬರಂಗಿಲ್ಲ."

ಆಕೆ ಹೋದ ಮೇಲೆ ಮೂರು ಗಂಟೆಯ ಬಸ್ಸು ಬಂತು. ನಾವಿಬ್ಬರೇ ಹತ್ತಿದೆವು. ಹಾನಗಲ್ಲಿನಲ್ಲಿ ಇಳಿಯುವಾಗ ಆಯಿ, "ಕೈ ನೋಯಾಕತ್ತೈತ್ರಿ, ಗಂಟು ನೀವು ಹಿಡೀರಿ," ಎಂದು ರೊಟ್ಟಿಯ ಗಂಟು ಕೊಟ್ಟಳು. ಅದೊಂದೇ. ಯಾಕೆ ಬಿಚ್ಚಲಿಲ್ಲವೆಂದು ಅಂದು ಕೇಳಲಿಲ್ಲ, ಮುಂದೆ ಬದುಕಿದ್ದ ಮೂರು ವರ್ಷದಲ್ಲಿ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಅತ್ತು ಮುಗಿಸುತ್ತಿದ್ದೆ.

ಮಾರ್ಚ್‌ನಲ್ಲಿ ವ್ಯಾಪಾರಿ ಸುದ್ದಿ ತಂದ: ಹೆಣ್ಣು ಕೂಸು, ಗಟ್ಟಿಯಾಗಿದೆ, ತಾಯಿಯೂ ಇದ್ದಾಳೆ. ಆಯಿಯ ಮಣಿಕಟ್ಟು ಸೊಟ್ಟಗೆ ಕೂಡಿತ್ತು. ಹೊಲಿಗೆ ಗೇಣಿಗೆ ಹದಿನಾಲ್ಕಕ್ಕೆ ಇಳಿದಿತ್ತು. ಅಂದು ಹೊಲಿಯುತ್ತಿದ್ದ ಯಾರದೋ ಕೌದಿಯ ಹೊಟ್ಟೆಯಲ್ಲಿ ಒಂದು ಹರಳು ಬೆಲ್ಲದ ಬದಲು ಎರಡಿಟ್ಟಳು. ಮೊಮ್ಮಗಳಿಗೆಂದು ನಾಲ್ಕು ಸಣ್ಣ ಕೌದಿ ಹೊಲಿದು ಕಳಿಸಿದಳು. ಅಂಚಿನಲ್ಲಿ ಏನೂ ಇರಲಿಲ್ಲ, ಬರೀ ಸಾದಾ ಹೊಲಿಗೆ. ನಾಲ್ಕೂ ಮಡಿಕೆ ಬಿಚ್ಚದೆ ತಿರುಗಿ ಬಂದವು.

ಅದೇ ಬೇಸಿಗೆಯಲ್ಲಿ ನಾನು ಅಪ್ಪನ ಮುಂದೆ ನಿಂತು, ಮಾಸ್ತರಿಕೆಯ ಟ್ರೇನಿಂಗಿಗೆ ಹೋಗುತ್ತೇನೆ ಎಂದೆ. ನಾಲ್ಕನೆಯ ದಿನ ಅಪ್ಪ, "ವಾರಕ್ಕೊಂದು ಪತ್ರ ಬರೀಬೇಕು," ಎಂದರು. ಬಾಗಿಲು ನಿಜಕ್ಕೂ ಮುಂದೆ ಮಾಡಿತ್ತು, ಅಷ್ಟೇ. ಹೇಳಲು ಹೋದಾಗ ಆಯಿ ನನ್ನ ಕೆನ್ನೆಯನ್ನು ಆ ಸೊಟ್ಟ ಕೈಯಿಂದ ಸವರಿ, "ಹೋಗವ್ವಾ. ನೂಕಿದಿ ನೋಡು," ಎಂದಳು. ಬಾಯಾರ ಎನ್ನಲಿಲ್ಲ, ನೀವು ಎನ್ನಲಿಲ್ಲ. ಅದು ಮೊದಲ ಸಲ.

೧೯೬೩ರ ಪಂಚಮಿ ಮುಗಿದ ಮೇಲೆ ಮೂರು ದಿನದ ಜ್ವರದಲ್ಲಿ ಆಯಿ ತೀರಿಕೊಂಡಳು. ನಾನು ಊರಲ್ಲೇ ಇದ್ದೆ. ಮಣ್ಣು ಆದ ಮೂರನೆಯ ದಿನ ಮಗಳು ಬಂದಳು, ಕೂಸನ್ನು ಎತ್ತಿಕೊಂಡು, ಮೈದುನನ ಜೊತೆ. ಐದು ದಿನದ ಪರವಾನಗಿ. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಮುಖ ಆಯಿಯದೇ, ಹಲ್ಲು ಮಾತ್ರ ಪೂರ್ತಿ ಇದ್ದವು.

ಎರಡನೆಯ ದಿನ ಅವರ ಹಿತ್ತಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಡಿಪಟ್ಟಿ, ಗೆರೆ, ಬಿಚ್ಚಿದೆನೆಂದ ಸುಳ್ಳು, ಸೆರಗಿನೊಳಗೆ ಎಳೆದುಕೊಂಡ ಕೈ. ಅವಳು ಕೊನೆಯವರೆಗೆ ಕೇಳಿದಳು.

"ಅವ್ವನ ಹೊಲಿಗಿ ಓದಾಕ ನನಗ ಎರಡು ದಿನಾ ಬೇಕಾಗ್ತಿತ್ರಿ ಅಕ್ಕಾರ," ಎಂದಳು. "ಅದನ್ನ ಒಮ್ಮೆ ನೋಡಿದ್ಕೂಡ್ಲೇ ಓದಿದೆ. ಅವ್ವನ ಕೈ ಅಲ್ಲಂತ ಗೊತ್ತಾತು. ಯಾರೋ ನನ್ನ ಸಲುವಾಗಿ ಇಷ್ಟು ಚೆಂದ ಬರದಾರಂತ ಕುಂತು ಮತ್ತ ಮತ್ತ ನೋಡಿದೆ. ನೋಡಾಗ ಅತ್ತಿ ಬಂದ್ಲು. ಆಕಿಗೂ ಒಮ್ಮೆ ನೋಡಿದ್ಕೂಡ್ಲೇ ಕಂಡ್ತು."

ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಕೂಸನ್ನು ತೊಡೆಯ ಮೇಲೆ ಎಳೆದುಕೊಂಡು ಕೇಳಿದಳು: "ನಿಮ್ಮ ಪಟ್ಟಿ ಐತೇನ್ರಿ? ಅವ್ವ ಒಂದು ಕೌದ್ಯಾಗ ಹೊಲ್ದಿದ್ಲು, ನಮ್ಮ ಸಣ್ಣ ಬಾಯಾರು ಎಲ್ಲಾ ಬರದು ಇಟ್ಟಾರಂತ. ಮೂರು ವರ್ಷ ಆತು ಸೂಜಿ ಮುಟ್ಟಿಲ್ಲ. ನನಗ ಮರ್ತು ಹೋಗಾಕತ್ತಾವ."

ದಿನಚರಿ ತಂದೆ. ಹಾಳೆ ಹರಿದು ಕೊಡಲು ಹೋದೆ. ಬೇಡ ಎಂದಳು, ಆ ಮನೆಯಲ್ಲಿ ಕಾಗದ ಉಳಿಯುವುದಿಲ್ಲ. ಹಾಗಾಗಿ ಮೂರು ಮಧ್ಯಾಹ್ನ ಆಯಿಯ ಒಲೆಯ ಬೂದಿಯನ್ನು ನೆಲಕ್ಕೆ ಹರವಿ ಬೆರಳಿನಿಂದ ಬರೆದೆವು. ಮೊದಲ ದಿನ ಅವಳಿಗೆ ನೆನಪಿದ್ದದ್ದು ನಲವತ್ತೊಂಬತ್ತು, ಮರೆತದ್ದು ಹದಿನಾಲ್ಕು. ಎರಡನೆಯ ದಿನ ಮರೆತದ್ದು ಐದು. ಮೂರನೆಯ ದಿನ ಅರವತ್ಮೂರನ್ನೂ ಬರೆದಳು. ಕೂಸು ಪಕ್ಕದಲ್ಲಿ ಕೂತು ಬೂದಿಯನ್ನು ಕಲಸುತ್ತಿತ್ತು. ಹೋಗಬೇಡ, ಇಲ್ಲೇ ಇರು, ಹಿರಿಯರನ್ನು ಕೂಡಿಸೋಣ ಎಂದೆ. "ಇದನ್ನ ಅವರು ಬಿಡಂಗಿಲ್ರಿ," ಎಂದು ಕೂಸಿನ ತಲೆಯ ಮೇಲೆ ಕೈ ಇಟ್ಟಳು. ಐದನೆಯ ದಿನ ಮೈದುನನ ಹಿಂದೆ ನಡೆದು ಹೋದಳು.

೧೯೬೪ರಿಂದ ನಾನು ಅಕ್ಕಿಆಲೂರಿನ ಶಾಲೆಯಲ್ಲಿದ್ದೇನೆ. ಬೇರೆ ಊರು ಕೊಡುತ್ತಿದ್ದರು, ಕೇಳಿ ಇದನ್ನು ತೆಗೆದುಕೊಂಡೆ. ಅತ್ತೆಯ ಮೊಣಕಾಲು ಕೈಕೊಟ್ಟ ಮೇಲೆ, ೧೯೬೫ರಿಂದ, ಮಗಳು ಮತ್ತೆ ಸಂತೆಗೆ ಬರುತ್ತಾಳೆ, ನೆಗೆಣ್ಣಿಯ ಜೊತೆ. ಕೂಸನ್ನು ಆ ದಿನ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ನಾವು ಮಾತಾಡುವುದಿಲ್ಲ. ಅವಳು ವ್ಯಾಪಾರಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆ ಆರಿಸುತ್ತಾಳೆ. ಆರಿಸುತ್ತ, ನೆಗೆಣ್ಣಿ ಅತ್ತ ನೋಡುವಾಗ, ಎಡಗೈ ಬೆರಳಿನಿಂದ ಧೂಳಿನಲ್ಲಿ ಐದು ಗುರುತು ಎಳೆಯುತ್ತಾಳೆ: ಮೈ, ಇ, ಲಿ, ಚಿ, ಹೂ. ಎದ್ದು ಹೋಗುತ್ತಾಳೆ. ನಾನು ಅದೇ ಜಾಗದಲ್ಲಿ ಕೂತು, ಅದರ ಕೆಳಗೆ ಅದೇ ಐದನ್ನು ಬರೆದು, ಏಳುವಾಗ ಕಾಲಿನಿಂದ ಎರಡನ್ನೂ ಅಳಿಸುತ್ತೇನೆ. ಅವಳು ಮೆಣಸಿನಕಾಯಿಯ ರಾಶಿಯ ಹತ್ತಿರದಿಂದ ನೋಡುತ್ತಿರುತ್ತಾಳೆ.

ಇದುವರೆಗೆ ಮೂವತ್ನಾಲ್ಕು ಸಂತೆ. ಒಂಬತ್ತು ಸಲ ಅವಳು ಬಂದಿಲ್ಲ. ಬಂದ ದಿನ, ಬಾರದ ದಿನ, ಎಲ್ಲವನ್ನೂ ಆಯಿಯ ಅಕ್ಷರದಲ್ಲೇ ಬರೆದಿಡುತ್ತೇನೆ. ಉಳಿದ ದಿನಗಳ ಪುಟಗಳಿಗೆ ಈಗಲೂ ಅಡಿಪಟ್ಟಿ ಇಟ್ಟು ಗೆರೆ ಎಳೆಯುತ್ತೇನೆ. ಸಂತೆಯ ದಿನದ ಪುಟಕ್ಕೆ ಮಾತ್ರ ಎಳೆಯುವುದಿಲ್ಲ.